ಮೇಲಿನ ಸಾಲು

ಗಾಲಿ ನೆಲ ಬಿಟ್ಟಿದ್ದನ್ನು ನೋಡಿದವನು ಶಿವಪುತ್ರ ಒಬ್ಬನೇ. ಇಳಿಜಾರಿನಲ್ಲಿ ಸೊಂಟದೆತ್ತರ ಬೆಳೆದ ಹುಲ್ಲಿನೊಳಗೆ ಟ್ರ್ಯಾಕ್ಟರಿನ ಮೇಲ್ಬದಿಯ ಹಿಂಗಾಲಿ ಒಂದು ಗೇಣು ಎದ್ದು, ಗಾಳಿಯಲ್ಲಿ ಸುಮ್ಮನೆ ಒಂದು ಸುತ್ತು ತಿರುಗಿ, ಮತ್ತೆ ಮೆತ್ತಗೆ ಕೂತಿತು. ಸೀಟಿನ ಮೇಲಿದ್ದ ಚಂದ್ರಾಮನಿಗೆ ಗೊತ್ತಾಗಲಿಲ್ಲ. ಅವನು ಮೆರವಣಿಗೆಯ ಕುದುರೆ ಹತ್ತಿದ ಮದುಮಗನ ಹಾಗೆ ಬೆನ್ನು ಸೆಟೆಸಿಕೊಂಡು, ಒಂದು ಕೈ ಎತ್ತಿ ಕೆಳಗಿದ್ದವರಿಗೆ ಬೀಸುತ್ತಿದ್ದ.

"ಏ ಶಿವಪುತ್ರಾ, ಒಂದ್ ಫೋಟೋ ಹೊಡಿಯೋ ತಮ್ಮಾ," ಎಂದು ಕೂಗಿದ. "ಹೆಣ್ಣಿನವರಿಗೆ ಕಳಸೂದೈತಿ."

"ಯಾರ ಸಲುವಾಗಿ, ನಿನಗೇನ?" ಎಂದರು ಕೆಳಗೆ ಕಟ್ಟೆಯ ಮೇಲೆ ಕೂತಿದ್ದ ಅಣವೀರಪ್ಪ. ಅವರು ಸಮಾಜದ ಅಧ್ಯಕ್ಷರು. "ಕುಣಿ ತೋಡಾವಗ ಈಗ ಯಾರ್ ಕೊಡ್ತಾರೋ ಹೆಣ್ಣ. ಇದ್ದಾಕಿನ್ನ ಚಂದಂಗಿ ಇಟಗೋ."

ಎಲ್ಲರೂ ನಕ್ಕರು. ಟ್ರ್ಯಾಕ್ಟರು ತಿರುಗಿ ಮೇಲಿನ ಸಾಲಿನ ಕಾಲುದಾರಿ ಹಿಡಿಯಿತು. ಆ ದಾರಿಯ ಒಂದು ಪಕ್ಕಕ್ಕೆ ಗುಡ್ಡದ ಮಣ್ಣು ತಡೆಯುವ ಕಲ್ಲುಗೋಡೆ, ಇನ್ನೊಂದು ಪಕ್ಕಕ್ಕೆ ಮಕ್ಕಳ ಸಮಾಧಿಗಳು. ಎದುರುಬದುರಾದ ಇಬ್ಬರಲ್ಲಿ ಒಬ್ಬರು ಅಡ್ಡ ತಿರುಗಿದರೆ ಮಾತ್ರ ದಾಟಬಹುದಾದಷ್ಟು ಜಾಗ. ಟ್ರ್ಯಾಕ್ಟರು ಗೋಡೆಗೂ ತಾಗದೆ, ಮಣ್ಣದಿಬ್ಬಗಳಿಗೂ ತಾಗದೆ, ಕೊನೆಯಲ್ಲಿದ್ದ ಬಿಲ್ವಪತ್ರಿ ಗಿಡದ ಒಂದೆರಡು ಎಲೆಯನ್ನಷ್ಟೇ ಸವರಿಕೊಂಡು ಆಚೆ ಹೋಯಿತು. ಕೆಳಗೆ ಯಾರೋ ಚಪ್ಪಾಳೆ ತಟ್ಟಿದರು. ಚಹಾದ ಫ್ಲಾಸ್ಕು ಹಿಡಿದು ಗೇಟಿನೊಳಗೆ ಕಾಲಿಟ್ಟಿದ್ದ ಶಿವಪುತ್ರನ ಹೆಂಡತಿ ಭುವನೇಶ್ವರಿ ಅಲ್ಲೇ ನಿಂತು ಆ ಗಿಡವನ್ನೇ ನೋಡುತ್ತಿದ್ದಳು.

ಕಾಂದಿವಲಿ ಪೂರ್ವದಲ್ಲಿ, ಇಂಡಸ್ಟ್ರಿಯಲ್ ಎಸ್ಟೇಟಿನ ಬೆನ್ನಿಗೆ ಗುಡ್ಡ ಏಳುವ ಕಡೆ ಸಮಾಜದ ರುದ್ರಭೂಮಿ. ಇಂಡಿ, ಸಿಂದಗಿ, ಅಕ್ಕಲಕೋಟೆಯ ಕಡೆಯಿಂದ ಗಿರಣಿಗೆ, ಕೂಲಿಗೆ ಬಂದವರ ಹಿರಿಯರು, ಈ ಇಳಿಜಾರು ಯಾರಿಗೂ ಬೇಡವಾಗಿದ್ದ ಕಾಲದಲ್ಲಿ ಓಡಾಡಿ ಪಡೆದ ಜಾಗ ಅದು. ಸುಡುವವರ ನಡುವೆ ಹೂಳುವವರು, ಅದರಲ್ಲೂ ಹೆಣವನ್ನು ಕುಳ್ಳಿರಿಸಿ ಹೂಳುವವರು. ಬೇರೆಯವರ ಮಸಣದಲ್ಲಿ ಅವರಿಗೆ ಜಾಗ ಕೇಳಿದರೆ ಪ್ರತಿ ಸಲವೂ ಮೊದಲಿನಿಂದ ತಿಳಿಸಿ ಹೇಳಬೇಕಿತ್ತು. ಈಗ ಸುತ್ತ ಮೂರೂ ಕಡೆ ಟವರ್‌ಗಳು ಎದ್ದಿದ್ದವು. ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರು ಹುಲ್ಲು ಕಂಡು ಹಾವಿನ ದೂರು ಕೊಡುತ್ತಿದ್ದರು. ಹುಲ್ಲು ಕೊಯ್ಯುವವನೂ ಕುಣಿ ತೋಡುವವನೂ ಒಬ್ಬನೇ, ಚಂದ್ರಾಮ. ಹೋದ ವರ್ಷ ಹರ್ನಿಯಾ ಆಪರೇಶನ್ ಆದಮೇಲೆ ಅವನು ಗುದ್ದಲಿ ಎತ್ತಿದಾಗಲೆಲ್ಲ ಇನ್ನೊಂದು ಕೈಯಿಂದ ಹೊಟ್ಟೆ ಹಿಡಿದುಕೊಳ್ಳುತ್ತಿದ್ದ. ಗುಡ್ಡದ ಗರಸು ಮಣ್ಣು ಗುದ್ದಲಿಗೆ ಕಿಡಿ ಕಾರುವಂಥದ್ದು. ಕುಣಿಯ ಒಳಗೆ ಹೆಣ ಕೂಡಿಸುವ ಗೂಡನ್ನು ಕೈಯಿಂದಲೇ ಕೆತ್ತಬೇಕು, ಅದಕ್ಕೆ ಯಂತ್ರ ಒಗ್ಗುವುದಿಲ್ಲ. ಆದರೆ ಮೇಲಿನ ಗಟ್ಟಿ ಪದರ ತೆಗೆಯುವುದಕ್ಕೂ ಇಳಿಜಾರಿನ ಹುಲ್ಲಿಗೂ ಒಂದು ಸಣ್ಣ ಟ್ರ್ಯಾಕ್ಟರು ಆದರೆ ಚಂದ್ರಾಮ ಇನ್ನಷ್ಟು ವರ್ಷ ನಡೆಸಿಕೊಂಡು ಹೋಗುತ್ತಾನೆ ಎಂದು ಸಭೆಯಲ್ಲಿ ಮಾತಾಯಿತು.

"ಯಾವ್ದು ಅನ್ನೂದು ಶಿವಪುತ್ರಗ ಬಿಟ್ಟದ್ದು," ಎಂದಿದ್ದರು ಅಣವೀರಪ್ಪ. "ಅಂವಾ ಬ್ಯಾಡ ಅಂದ್ರ ಬ್ಯಾಡ, ಹ್ಞೂ ಅಂದ್ರ ಹ್ಞೂ."

ಮೀಸೆ ಮೂಡುವ ಮೊದಲೇ ಮಣ್ಣು ಅಗೆಯುವ ಮಶೀನು ಹತ್ತಿದವನು ಶಿವಪುತ್ರ. ಗೋರೆಗಾಂವಿನಿಂದ ಆಚೆ ಎಷ್ಟೋ ಟವರ್‌ಗಳ ಪಾಯ ಅವನ ಕೈಯಿಂದ ಇಳಿದಿತ್ತು. ಈಗ ಸ್ವಂತದ್ದೊಂದು ಮಶೀನು ಬಾಡಿಗೆಗೆ ಬಿಟ್ಟಿದ್ದ. ಆಯ್ಕೆಯನ್ನು ತನಗೆ ಬಿಟ್ಟದ್ದು ಸಹಜವೆಂದೇ ಅಂದುಕೊಂಡಿದ್ದ.

ಡೀಲರ್ ಕಡೆಯ ಹುಡುಗ ಸುಕೇಶ್ ಆ ಭಾನುವಾರ ಎರಡು ಟ್ರ್ಯಾಕ್ಟರು ತಂದಿದ್ದ. ಮಂಗಳೂರಿನ ಕಡೆಯವರ ಮಗ, ಸಾಂತಾಕ್ರೂಜಿನಲ್ಲಿ ಹುಟ್ಟಿ ಬೆಳೆದವನು. ಒಂದು, ಚಂದ್ರಾಮ ಹತ್ತಿದ್ದು, ದ್ರಾಕ್ಷಿ ತೋಟದ ಸಾಲುಗಳ ನಡುವೆ ಓಡಾಡಲೆಂದು ಮಾಡಿದ್ದು; ಸಪೂರ, ಎತ್ತರ, ನೋಡಲು ಚೆಂದ. ಇನ್ನೊಂದು ಗಿಡ್ಡ, ಅಗಲ, ಕಾವಿಗೆ ಕೂತ ಕೋಳಿಯ ಹಾಗೆ ನೆಲಕ್ಕೆ ಅಂಟಿಕೊಂಡದ್ದು. ಅಗಲದ್ದು ಮಕ್ಕಳ ಸಾಲಿನ ದಾರಿಯಲ್ಲಿ ಹಿಡಿಸುವುದಿಲ್ಲ. ಆ ದಾರಿ ಬಿಟ್ಟರೆ ಗುಡ್ಡದ ನೆತ್ತಿಗೆ ಬೇರೆ ದಾರಿ ಇಲ್ಲ. ಹೊಸ ಕುಣಿಗಳಿಗೆ ಉಳಿದಿದ್ದ ಜಾಗವೆಂದರೆ ಆ ನೆತ್ತಿ ಮಾತ್ರ. ಅಗಲದ್ದನ್ನು ತಂದರೆ ಮಕ್ಕಳ ಸಾಲನ್ನು ಸವರಿ ಮಟ್ಟ ಮಾಡಿ ದಾರಿಗೆ ಸೇರಿಸಬೇಕು.

ಆ ಸಾಲಿನ ತುದಿಗೆ, ಪತ್ರಿ ಗಿಡದ ಬುಡದಲ್ಲಿ, ಶಿವಪುತ್ರನ ಮಗಳು ಸೇವಂತಿ ಇದ್ದಳು.

ಅಲ್ಲೇ ಬೇಕೆಂದು ಜಾಗ ಆರಿಸಿದವನೂ ಅವನೇ. ಅವಳನ್ನು ಹೂಳುವ ದಿನ ಮಳೆ ಹಿಡಿದಿತ್ತು. ಗೇಟಿನ ಹತ್ತಿರ ಮೆದು ಮಣ್ಣಿನಲ್ಲಿ ತೋಡುತ್ತೇನೆ ಎಂದ ಚಂದ್ರಾಮನ ಕೈ ಹಿಡಿದು ಎಳೆದುಕೊಂಡು ಮೇಲೆ ಹತ್ತಿದ್ದ. ನಾಲ್ಕು ವರ್ಷದ ಮಗು, ಮೂರು ದಿನದ ಜ್ವರ. ಕುಣಿಯನ್ನು ಸತ್ತವರ ಪಾದದ ಅಳತೆಯಲ್ಲೇ ತೋಡಬೇಕೆಂಬುದು ರೂಢಿ. ಚಂದ್ರಾಮ ಕಸಬರಿಗೆಯ ಕಡ್ಡಿಯೊಂದನ್ನು ಮಗುವಿನ ಅಂಗಾಲಿಗೆ ಹಿಡಿದು ಮುರಿದು, ಆ ಕಡ್ಡಿಯಿಂದ ನೆಲ ಅಳೆದಿದ್ದ. ಅಳೆದು ಗೆರೆ ಎಳೆದಾಗ ಶಿವಪುತ್ರನಿಗೆ ಅದು ತನ್ನ ಮಶೀನಿನ ಬಕೆಟ್ಟಿಗಿಂತ ಚಿಕ್ಕದಾಗಿ ಕಂಡಿತ್ತು. ಹೆಂಗಸರು ಹೂಳುವಾಗ ಬರುವಂತಿರಲಿಲ್ಲ. ಮನೆಗೆ ಹೋದಾಗ ಭುವನೇಶ್ವರಿ ಕೇಳಿದ್ದು ಒಂದೇ, ಎಲ್ಲಿಟ್ಟಿರಿ ಎಂದು.

"ಮ್ಯಾಲ," ಎಂದಿದ್ದ. "ಅಲ್ಲಿಗೆ ಯಾವ ಮಶೀನೂ ಹತ್ತಂಗಿಲ್ಲ."

ಮಶೀನು ಹತ್ತಿದ ನೆಲ ಏನಾಗುತ್ತದೆ ಎಂದು ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳು ಅವನ ಹೆಂಡತಿ. ಮುಂದಿನ ಅಮಾವಾಸ್ಯೆಗೆ ಒಂದು ಪತ್ರಿ ಸಸಿ ತಂದು ನೆಟ್ಟಳು. ಅದೀಗ ಅವಳ ಎತ್ತರ ದಾಟಿತ್ತು.

ಟ್ರ್ಯಾಕ್ಟರು ಇಳಿದು ಬಂತು. ಭುವನೇಶ್ವರಿ ಕಾಗದದ ಕಪ್ಪುಗಳಿಗೆ ಚಹಾ ಬಗ್ಗಿಸುತ್ತ ಗಂಡನ ಹತ್ತಿರ ಬಂದಾಗ ದನಿ ತಗ್ಗಿಸಿ ಕೇಳಿದಳು. "ಹಾದು ಹೋತಲ್ರೀ?"

"ಹ್ಞೂ. ಹೋತು."

"ಗಿಡಕ್ಕ ಪೆಟ್ಟಾಗಲಿಲ್ಲ."

"ಇಲ್ಲ."

ಅವಳು ಅವನಿಗೆ ಕೊಟ್ಟ ಕಪ್ಪು ತುಂಬಿ ಅಂಚಿಗೆ ಬಂದಿತ್ತು. ಅಷ್ಟು ಧಾರಾಳವಾಗಿ ಅವಳು ಏನನ್ನೂ ಬಗ್ಗಿಸಿ ಬಹಳ ಕಾಲವಾಗಿತ್ತು. ಅವಳ ಮುಖ ನೋಡಿದ ಶಿವಪುತ್ರ ಚಹಾ ಬಾಯಿಗಿಡಲಾರದೆ ಹಿಡಿದುಕೊಂಡೇ ನಿಂತ.

"ಇದ ಆತು ಬಿಡ್ರಿ," ಎಂದ ಚಂದ್ರಾಮ, ಟ್ರ್ಯಾಕ್ಟರಿನ ಮೂತಿ ತಟ್ಟುತ್ತ. "ನನಗೂ ಇದಕ್ಕೂ ಜಾತಕ ಕೂಡೇತಿ. ಎಮ್ಮಿ ಇದ್ದಂಗ ಅದ ಆ ಇನ್ನೊಂದು. ನೋಡಿದ್ರ ಹಾಲ ಹಿಂಡಬೇಕ ಅನಸ್ತೈತಿ."

"ಖರ್ಚೂ ಕಮ್ಮಿ," ಎಂದರು ಅಣವೀರಪ್ಪ. ಆಮೇಲೆ ಶಿವಪುತ್ರನ ಕಡೆ ತಿರುಗಿ, ಕೇಳಲೋ ಬೇಡವೋ ಎಂಬಂತೆ, "ಏನಂತಿ?" ಎಂದರು.

ಹ್ಞೂ ಎಂದರೆ ಮುಗಿಯುತ್ತಿತ್ತು. ಅದಕ್ಕೆ ಅಲ್ಲಿದ್ದವರೆಲ್ಲ ತಯಾರಾಗಿದ್ದರು. ಕಪ್ಪು ಕೆಳಗಿಡುವಷ್ಟು ಹೊತ್ತಿನಲ್ಲಿ ಅವನು ಇದ್ದ ದಾರಿಗಳನ್ನೆಲ್ಲ ಹುಡುಕಿ ನೋಡಿದ. ತಾನೊಬ್ಬನೇ ಓಡಿಸುತ್ತೇನೆ, ಚಂದ್ರಾಮ ಹತ್ತುವುದು ಬೇಡ ಎನ್ನಬಹುದು. ಆದರೆ ಜನ ಭಾನುವಾರ ನೋಡಿಕೊಂಡು ಸಾಯುವುದಿಲ್ಲ. ಯಾವುದೋ ಮಂಗಳವಾರ ತಾನು ಗೋರೆಗಾಂವಿನಲ್ಲಿ ಕೆಲಸದಲ್ಲಿರುವಾಗ ಚಂದ್ರಾಮ ಹತ್ತಿಯೇ ಹತ್ತುತ್ತಾನೆ. ನೆತ್ತಿಯ ಹುಲ್ಲನ್ನು ಕುಡುಗೋಲಿನಿಂದ ಕೊಯ್ಯಲಿ ಎನ್ನಬಹುದು. ಕೊಯ್ಯಲಾರದ್ದಕ್ಕೇ ಅಲ್ಲವೇ ಇದೆಲ್ಲ. ಇನ್ನೊಂದು ದಾರಿ ಬಹಳ ಸುಲಭದ್ದು: ಗಾಲಿ ಎದ್ದದ್ದು ತನ್ನ ಭ್ರಮೆ ಎಂದುಕೊಳ್ಳುವುದು.

"ತೋಡೋ ತೋಳು ಹಚ್ಚಿ ಇನ್ನೊಮ್ಮೆ ನೋಡೂಣು," ಎಂದ. "ನಾನ ಹತ್ತತೀನಿ."

ಸುಕೇಶ್ ಟ್ರ್ಯಾಕ್ಟರಿನ ಹಿಂದೆ ಅಗೆಯುವ ತೋಳನ್ನು ಜೋಡಿಸುವಾಗ ಶಿವಪುತ್ರ ಪಕ್ಕಕ್ಕೆ ಕೂತು ಪಿನ್ನು ಹಿಡಿದುಕೊಟ್ಟ.

"ಗಾಲಿ ಹೊರಕ್ಕ ತಿರುವಿ ಹಾಕಿದ್ರ?" ಎಂದು ಮೆಲ್ಲಗೆ ಕೇಳಿದ.

"ಹಾಕಬಹುದು ಅಣ್ಣಾ, ಅಗಲ ಆಗ್ತದೆ. ಮತ್ತೆ ಮೇಲಿನ ದಾರಿಯಲ್ಲಿ ಹೋಗುದಿಲ್ಲ." ಸುಕೇಶ್ ತಲೆ ಎತ್ತಲಿಲ್ಲ. "ಇದು ಸಪಾಟು ಜಾಗಕ್ಕೆ ಮಾಡಿದ್ದು. ನಾನು ಮಾರುವವ, ನಾನೇ ಹೇಳಬಾರದು. ಆದರೆ ನಿಮಗೆ ಗೊತ್ತುಂಟಲ್ಲ."

ಶಿವಪುತ್ರ ಹತ್ತಿ ಕೂತ. ಇಳಿಜಾರಿನ ಅರ್ಧಕ್ಕೆ ಬಂದು, ಎಲ್ಲಿ ಗಾಲಿ ಎದ್ದಿತ್ತೋ ಅಲ್ಲಿಯೇ ಅಡ್ಡಕ್ಕೆ ತಿರುಗಿಸಿದ. ಅವನಿಗೆ ನೋಡಬೇಕಾದ ಅಗತ್ಯವೇ ಬೀಳಲಿಲ್ಲ. ಸೀಟಿನ ಕೆಳಗೆ ಏನೋ ಹಗುರಾಯಿತು. ಮೇಲ್ಬದಿಯ ಗಾಲಿ ಮತ್ತೆ ನೆಲ ಬಿಡುತ್ತಿತ್ತು. ಕೆಳಗೆ ಚಂದ್ರಾಮ ಕಾಣುತ್ತಿದ್ದ, ಬಿಸಿಲಿಗೆ ಹಣೆಗೆ ಕೈ ಹಿಡಿದು, ತನ್ನ ಪಾಳಿ ಯಾವಾಗ ಎಂದು ಕಾಯುತ್ತಿರುವ ಹಾಗೆ. ಅವನ ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಶಿವಪುತ್ರ ಗಾಲಿಯನ್ನು ಇಳಿಜಾರಿನ ಕಡೆ ತಿರುಗಿಸಿ ಟ್ರ್ಯಾಕ್ಟರನ್ನು ನೆಟ್ಟಗೆ ಇಳಿಸಿಕೊಂಡು ಬಂದ. ಚಾವಿ ತಿರುವಿ ಬಂದ್ ಮಾಡಿದ.

"ಇದು ಬ್ಯಾಡ," ಎಂದ. "ಇಳಿಜಾರಿನ್ಯಾಗ ಮಗ್ಗಲಾಗಿ ಬೀಳ್ತೈತಿ. ಆ ಅಗಲಾಂದ ತಗೊಳ್ರಿ."

ಚಂದ್ರಾಮ ನಗಲು ಹೋಗಿ ಬಿಟ್ಟ. ಅಣವೀರಪ್ಪ ಕಟ್ಟೆಯಿಂದ ಎದ್ದು ಬಂದು ಅವನ ಮೊಣಕೈ ಹಿಡಿದರು.

"ವಿಚಾರ ಮಾಡಿ ಹೇಳಾಕತ್ತೀಯಪಾ? ಮ್ಯಾಲಿನ ಸಾಲು..." ಅಷ್ಟಕ್ಕೇ ನಿಲ್ಲಿಸಿದರು.

ಆಗ ಅವನಿಗೆ ತಿಳಿಯಿತು. ಆ ಸಾಲಿನಲ್ಲಿ ಯಾರ ಮಕ್ಕಳಿದ್ದಾರೆ ಎಂಬುದು ಸಭೆಯಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವನು ಏನು ಹೇಳಿದರೂ ಒಪ್ಪುವುದೆಂದು, ಅವನ ಹೊಟ್ಟೆ ಉರಿಯುವ ಮಾತನ್ನು ಬೇರೆ ಯಾರೂ ಆಡಬಾರದೆಂದು, ಅವರೆಲ್ಲ ಸೇರಿ ಆಯ್ಕೆಯನ್ನು ಅವನ ಕೈಗಿಟ್ಟಿದ್ದರು. ಅವನು ಸಪೂರದ್ದನ್ನೇ ಆರಿಸುತ್ತಾನೆ ಎಂದು ಅವರು ನೆಚ್ಚಿಕೊಂಡಿದ್ದರು.

"ವಿಚಾರ ಮಾಡೀನಿ, ಕಾಕಾ," ಎಂದ.

ಭುವನೇಶ್ವರಿ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಸೇರಿಸುತ್ತಿದ್ದಳು. ಎಲ್ಲ ಸೇರಿಸಿಯಾದ ಮೇಲೂ ಅವಳ ಕೈ ಇನ್ನೊಂದು ಕಪ್ಪಿಗಾಗಿ ಕಟ್ಟೆಯ ಮೇಲೆ ತಡಕಾಡಿತು.

ಗೋರೆಗಾಂವಿನ ಮನೆಗೆ ಬೈಕಿನಲ್ಲಿ ಹೊರಟರು. ಹೈವೇಯ ಒಂದು ಸಿಗ್ನಲ್ಲಿನಲ್ಲಿ ಬಸ್ಸು ರಿಕ್ಷಾಗಳ ಹೊಗೆಯ ನಡುವೆ ನಿಂತಾಗ ಹಿಂದಿನಿಂದ ಅವಳ ದನಿ ಬಂತು.

"ಮಗ್ಗಲಾತೇನು?"

"ಇನ್ನಾ ಆಗಿಲ್ಲ. ಗಾಲಿ ಎದ್ದಿತ್ತು. ಚಂದ್ರಾಮಣ್ಣ ಕುಂತಾಗ."

"ಯಾರರ ನೋಡಿದ್ರೇನ?"

"ಇಲ್ಲ. ನಾ ಒಬ್ಬನ."

ಸಿಗ್ನಲ್ ಬಿಟ್ಟಿತು. ಮುಂದಿನ ಸಿಗ್ನಲ್ಲಿನಲ್ಲಿ ಮತ್ತೆ ನಿಂತರು. ಆಗ, ಸಂತೆಯಲ್ಲಿ ಮರೆತು ಬಂದ ಒಂದು ಸಾಮಾನಿನ ಮಾತಾಡುವ ಹಾಗೆ, "ಒಂದ್ ಸಲ ನೀವು ನೋಡ್ಲಾರ್ದಂಗ ಇರಬಹುದಿತ್ತು," ಎಂದಳು.

"ಅಂವಾ ಅದರ ಬುಡಕ ಸಿಕ್ಕಿದ್ರ, ಭುವನಾ..."

"ಗೊತ್ತೈತಿ. ನನಗ ಗೊತ್ತಾಗಂಗಿಲ್ಲೇನ?" ಅವಳ ಹಣೆ ಅವನ ಬೆನ್ನಿಗೆ ತಾಗಿತು. "ಗೊತ್ತೈತಿ, ಅದಕ್ಕ ಹೇಳಿದೆ."

ಮನೆ ಮುಟ್ಟಿದಾಗ ಅವನ ಅಂಗಿಯ ಬೆನ್ನು ಅವಳ ಮುಖ ತಾಗಿದ್ದಷ್ಟೇ ಜಾಗದಲ್ಲಿ ಒದ್ದೆಯಾಗಿತ್ತು.

ದೀಪಾವಳಿ ಕಳೆದು ಹುಲ್ಲು ಹಳದಿಗೆ ತಿರುಗುವ ಹೊತ್ತಿಗೆ ಅಗಲದ ಟ್ರ್ಯಾಕ್ಟರು ಬಂತು. ಮುಂದೆ ಬಕೆಟ್ಟು, ಹಿಂದೆ ಅಗೆಯುವ ತೋಳು, ಹುಲ್ಲು ಕತ್ತರಿಸುವ ಯಂತ್ರ ಬೇರೆ. ಚಂದ್ರಾಮ ಅದಕ್ಕೆ ಕುಂಕುಮ ಹಚ್ಚಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟ. ಹತ್ತು ಎಂದು ಅಣವೀರಪ್ಪ ಹೇಳಿದರೂ ಹತ್ತಲಿಲ್ಲ.

"ಮೊದಲ್ನೇ ಕೆಲಸ ಮುಗೀಲಿ," ಎಂದ. "ಆಮ್ಯಾಲ ನಂದ ಐತಲ್ಲ, ನಾ ಸಾಯೂತನಾ."

ಮೊದಲನೆಯ ಕೆಲಸವನ್ನು ಶಿವಪುತ್ರ ತಾನೇ ಮಾಡುವುದೆಂದು ಹೇಳಿದ್ದ. ಮೇಲಿನ ಸಾಲಿನ ಮನೆಗಳಿಗೆಲ್ಲ ಸುದ್ದಿ ಕಳಿಸಿದ್ದರು. ಕೆಲವರು ಊರಿಗೆ ಮರಳಿದ್ದರು, ಕೆಲವರ ನಂಬರು ಬದಲಾಗಿತ್ತು. ಬಂದವಳು ಹಾಲವ್ವ ಎಂಬ ಮುದುಕಿ ಒಬ್ಬಳೇ, ಮೊಮ್ಮಗನ ಸಲುವಾಗಿ. ಜಂಗಮರು ಸಾಲಿನುದ್ದಕ್ಕೂ ವಿಭೂತಿ ಚೆಲ್ಲಿ, ನೀರು ಚಿಮುಕಿಸಿ ಕೈಮುಗಿದರು. ಕುಣಿ ಕೆದಕದೆ, ಕುರುಹಾಗಿ ಒಂದೊಂದು ದಿಬ್ಬದ ಮಣ್ಣನ್ನಷ್ಟೇ ಬಕೆಟ್ಟಿನಲ್ಲಿ ಒಯ್ದು ಗೇಟಿನ ಬಲಕ್ಕಿದ್ದ ಮೂಲೆಯಲ್ಲಿ ಇಡುವುದು, ಆಮೇಲೆ ಸಾಲನ್ನು ಸವರುವುದು ಎಂದು ಗೊತ್ತಾಗಿತ್ತು. ಆ ಮೂಲೆಯಲ್ಲಿ ಚಂದ್ರಾಮ ಸಾಲಾಗಿ ಸಣ್ಣ ಕುಣಿಗಳನ್ನು ತೋಡಿಟ್ಟಿದ್ದ. ಕೊನೆಯದೊಂದನ್ನು, ಸೇವಂತಿಯದನ್ನು, ಮಾತ್ರ ತೋಡಿರಲಿಲ್ಲ.

"ಅಳತಿ ಹ್ಯಾಂಗ ಹಿಡೀಲವಾ?" ಎಂದು ಭುವನೇಶ್ವರಿಯನ್ನು ಕೇಳಿದ.

ಅವಳು ಸೆರಗಿನ ಗಂಟು ಬಿಚ್ಚಿ ಕಸಬರಿಗೆಯ ಕಡ್ಡಿಯ ತುಂಡೊಂದನ್ನು ಅವನ ಅಂಗೈಗೆ ಇಟ್ಟಳು. ಶಿವಪುತ್ರ ಅದನ್ನು ಅಂದೇ ಕುಣಿಯಲ್ಲಿ ಬಿಟ್ಟೆವೆಂದು ತಿಳಿದಿದ್ದ. ಅಂದು ಮಳೆಗೆ ನೆಂದ ಅವನ ಅಂಗಿಯ ಜೇಬಿನಲ್ಲಿ ಅದು ಮನೆಗೆ ಬಂದಿರಬೇಕು, ಅಂಗಿ ಒಗೆಯುವಾಗ ಇವಳಿಗೆ ಸಿಕ್ಕಿರಬೇಕು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಮಲಗಿ ಎದ್ದರೂ ಅವಳು ಹೇಳಿರಲಿಲ್ಲ, ಅವನು ಕೇಳಿರಲಿಲ್ಲ.

ಶಿವಪುತ್ರ ಸಾಲಿನ ಕೆಳತುದಿಯಿಂದ ಶುರು ಮಾಡಿದ. ಬಂಡೆ ಸೀಳಿ ಅಭ್ಯಾಸವಾದ ಕೈ ಈಗ ಬಕೆಟ್ಟು ಎತ್ತಿಳಿಸುವ ಸನ್ನೆಕೋಲನ್ನು ಬೆರಳ ತುದಿಯಲ್ಲಿ ಹಿಡಿದಿತ್ತು. ಒಂದೊಂದು ದಿಬ್ಬವನ್ನೂ ಹಾಲಿನ ಕೆನೆ ತೆಗೆಯುವ ಹಾಗೆ ತೆಗೆದು, ಕೆಳಗೆ ಒಯ್ದು, ಬಗ್ಗಿಸಿ ಬಂದ. ಟ್ರ್ಯಾಕ್ಟರು ಒಂದು ಸಲವೂ ಅಳ್ಳಾಡಲಿಲ್ಲ. ಅಡ್ಡ ಇಳಿಜಾರಿನಲ್ಲೂ ನಾಲ್ಕೂ ಗಾಲಿ ನೆಲ ಕಚ್ಚಿಕೊಂಡಿದ್ದವು. ಕೆಳಗೆ ಅಣವೀರಪ್ಪ ಅದನ್ನು ನೋಡಿ ತಲೆಯಾಡಿಸಿದ್ದು ಕಂಡಿತು. ಒಳ್ಳೆಯ ಮಶೀನು. ಅವನ ಆಯ್ಕೆ ಸರಿಯಾಗಿತ್ತು. ಹಾಲವ್ವ ಮೊಮ್ಮಗನ ಹೊಸ ಕುಣಿಯ ಮುಂದೆ ಕೂತು ಒಂದು ಬಿಸ್ಕಿಟಿನ ಪುಡಿಕೆ ಬಿಚ್ಚಿ, ಒಳಗಿಡಲೋ ಮೇಲಿಡಲೋ ತಿಳಿಯದೆ, ಕೈಯಲ್ಲೇ ಹಿಡಿದುಕೊಂಡಿದ್ದಳು.

ಪತ್ರಿ ಗಿಡ ಕೊನೆಗೆ ಉಳಿಯಿತು. ಅದರ ಸುತ್ತ ಹಿಂದಿನ ತೋಳಿನಿಂದ ಬಳಸಿ ಬಳಸಿ ಅಗೆದು, ಟ್ರ್ಯಾಕ್ಟರು ತಿರುಗಿಸಿ, ಬಕೆಟ್ಟನ್ನು ಬೇರಿನ ಅಡಿಗೆ ತೂರಿಸಿದ. ಗಿಡ ಒಮ್ಮೆ ನಡುಗಿ ಮಣ್ಣಿನ ಸಮೇತ ಮೇಲೆದ್ದಿತು. ಬೇರುಗಳು ಅವನು ಎಣಿಸಿದ್ದಕ್ಕಿಂತ ಆಳಕ್ಕೆ ಇಳಿದಿದ್ದವು. ಕೆಳಗಿನ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಬಂದವು. ಭುವನೇಶ್ವರಿ ಇಳಿಜಾರಿನುದ್ದಕ್ಕೂ ಬಕೆಟ್ಟಿನ ಪಕ್ಕದಲ್ಲಿ ನಡೆದಳು, ಮೊದಲ ದಿನ ಮಗುವನ್ನು ಶಾಲೆಗೆ ಕರೆದೊಯ್ಯುವವಳ ಹಾಗೆ ಒಂದು ಕೊಂಬೆಯನ್ನು ಹಿಡಿದುಕೊಂಡು.

ಹೊಸ ಕುಣಿಯ ಮುಂದೆ ಅವನು ನಿಲ್ಲಿಸಿದ. ಚಂದ್ರಾಮ ಕಡ್ಡಿಯಿಂದ ಅಳೆದು ತೋಡಿ ಮುಗಿಸಿದ್ದ. ಮೊದಲಿನಷ್ಟೇ ಚಿಕ್ಕದು. ಶಿವಪುತ್ರನ ಕೈ ಬಗ್ಗಿಸುವ ಸನ್ನೆಯ ಮೇಲೆ ಬಂತು.

"ತಡೀರಿ," ಎಂದಳು ಭುವನೇಶ್ವರಿ.

ಎದೆಯೆತ್ತರಕ್ಕಿದ್ದ ಬಕೆಟ್ಟಿನೊಳಗೆ ಅವಳು ಎರಡೂ ಕೈ ಇಳಿಸಿದಳು. ಬೇರುಗಳ ನಡುವೆ, ಒದ್ದೆ ಮಣ್ಣಿನೊಳಗೆ, ಬೆರಳುಗಳು ಒಂದೊಂದೇ ಹೆಂಟೆಯನ್ನು ಒಡೆದು ನೋಡತೊಡಗಿದವು. ಸೇವಂತಿ ಹುಟ್ಟಿದ ಮೇಲೆ ಕಟ್ಟಿದ ಲಿಂಗ, ಹೂಳುವಾಗ ಎಡ ಅಂಗೈಯಲ್ಲಿಟ್ಟು ಬೆರಳು ಮಡಚಿದ್ದು. ನೇರಳೆ ಹಣ್ಣಿನಷ್ಟು ದೊಡ್ಡದು. ಅವಳು ಹುಡುಕುತ್ತಿರುವುದು ಅದನ್ನೇ ಎಂದು ಅವನಿಗೆ ಗೊತ್ತಾಯಿತು, ಚಂದ್ರಾಮನಿಗೂ ಗೊತ್ತಾಯಿತು. ಚಂದ್ರಾಮ ತಲೆಗೆ ಸುತ್ತಿದ ಟವೆಲ್ಲು ಬಿಚ್ಚಿ ಆಚೆ ಮುಖ ಮಾಡಿ ನಿಂತ.

ಶಿವಪುತ್ರ ಎಂಜಿನ್ ಬಂದ್ ಮಾಡಿದ. ಮೇಲೆ ಯಾವುದೋ ಬಾಲ್ಕನಿಯಲ್ಲಿ ಬಟ್ಟೆ ಝಾಡಿಸುವ ಸದ್ದು ಕೇಳಿಸಿತು. ಎಂಜಿನ್ ನಿಂತರೂ ಬಕೆಟ್ಟು ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಸನ್ನೆಯನ್ನು ಎಷ್ಟು ಒತ್ತಬೇಕೆಂದು ಮಾತ್ರ ಕೈಗೆ ಗೊತ್ತಿರಬೇಕು. ಅವಳು ಕೂತು ಹುಡುಕಲೆಂದು ಅವನು ಕೂದಲೆಳೆಯಷ್ಟು ಒತ್ತಿದ. ಬಕೆಟ್ಟು ಇಳಿಯಿತು. ಅವಳ ಕೈಗಳು ಅದರೊಳಗೆ, ಕೈಗಳೊಂದಿಗೆ ಅವಳೂ, ಎದೆಯಿಂದ ಸೊಂಟಕ್ಕೆ, ಸೊಂಟದಿಂದ ಮೊಣಕಾಲಿಗೆ ಬಾಗುತ್ತ ಬಾಗುತ್ತ ನೆಲಕ್ಕೆ ಕೂತಳು. ಕಬ್ಬಿಣದ ಅಂಚು ಮಣ್ಣಿಗೆ ತಾಗಿದ್ದು ಅವನ ಬೆರಳಿಗೆ ತಿಳಿಯಿತು. ಅವನು ಸನ್ನೆಯಿಂದ ಕೈ ತೆಗೆಯಲಿಲ್ಲ. ಅವಳ ತಲೆಯ ಮೇಲೆ ಪತ್ರಿ ಎಲೆಗಳು ಅಲುಗುತ್ತಿದ್ದವು.